ಸೋಲ್‌ನ ಡೇರೆಯಂಗಡಿಗೆ ಕಾಲಿಡುವ ಮುನ್ನ

ಕೊರಿಯನ್ ಧಾರಾವಾಹಿ ನೋಡುವವರಿಗೆ ಆ ದೃಶ್ಯ ಬಾಯಿಪಾಠ. ಕಿತ್ತಳೆ ಬಣ್ಣದ ಡೇರೆ, ಪ್ಲಾಸ್ಟಿಕ್ ಸ್ಟೂಲು, ಹಬೆಯಾಡುವ ಪಾತ್ರೆ, ಹಸಿರು ಸೀಸೆ, ಅದರ ಹಿಂದೆ ಮನಸ್ಸು ಮುರಿದುಕೊಂಡ ನಾಯಕ. 2020ರ ‘ಮಿಸ್ಟಿಕ್ ಪಾಪ್-ಅಪ್ ಬಾರ್’ ಅಂತೂ ಇಂಥದೊಂದು ಡೇರೆಯ ಸುತ್ತಲೇ ಸುತ್ತುವ ಕತೆ. ಆದರೆ ಪ್ರವಾಸಕ್ಕೋ, ಬೆಂಗಳೂರಿನ ಸ್ಯಾಮ್‌ಸಂಗ್, ಎಲ್‌ಜಿ ಕಚೇರಿಗಳಿಂದ ಕೆಲಸದ ಮೇಲೋ ನಿಜವಾಗಿ ಅಲ್ಲಿಗೆ ಹೋದವರಲ್ಲಿ ಅನೇಕರು ಡೇರೆಯ ಮುಂದೆ ಎರಡು ಸಲ ಸುಳಿದಾಡಿ, ಒಳಗೆ ಕಾಲಿಡದೆ ಹೋಟೆಲಿನ ದಾರಿ ಹಿಡಿಯುತ್ತಾರೆ. ಬೋರ್ಡಿನಲ್ಲಿರುವುದು ಕೊರಿಯನ್ ಅಕ್ಷರ ಮಾತ್ರ. ಬೆಲೆ ಬರೆದಿರಬಹುದು, ಬರೆಯದೆಯೂ ಇರಬಹುದು. ತಟ್ಟೆಯಲ್ಲಿರುವುದು ಕೋಳಿಯೋ ಕಡಲಿನ ಯಾವುದೋ ಜೀವಿಯೋ ತಿಳಿಯದು. ಒಳಗಿದ್ದವರೆಲ್ಲ ಹತ್ತು ವರ್ಷದ ಪರಿಚಯಸ್ಥರ ಹಾಗೆ ಕಾಣುತ್ತಾರೆ. ಸಸ್ಯಾಹಾರಿಗಳ ಪಾಡಂತೂ ಕೇಳುವುದೇ ಬೇಡ.

ಈ ಡೇರೆಗೆ ಪೊಜಾಂಗ್‌ಮಾಚಾ ಎಂದು ಹೆಸರು, ಆಡುಮಾತಿನಲ್ಲಿ ಪೋಚಾ. ಕೊರಿಯಾ ಯುದ್ಧ ಮುಗಿದ ಮೇಲಿನ ಬಡತನದ ವರ್ಷಗಳಲ್ಲಿ ತಳ್ಳುಗಾಡಿಗೆ ಬಟ್ಟೆ ಹೊದಿಸಿ, ಸುಟ್ಟ ಗುಬ್ಬಚ್ಚಿಯನ್ನು ನೆಂಚಿಕೊಳ್ಳಲು ಕೊಟ್ಟು ಸೋಜು ಎಂಬ ಮದ್ಯ ಮಾರುತ್ತಿದ್ದ ಅಂಗಡಿಗಳಿಂದ ಇವು ಬೆಳೆದವು. 1988ರ ಒಲಿಂಪಿಕ್ಸ್‌ಗೆ ಊರು ಚೊಕ್ಕಟವಾಗಿ ಕಾಣಬೇಕೆಂದು ಸರ್ಕಾರ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿತು. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡವರು ಮತ್ತೆ ಡೇರೆ ಹಾಕಿದರು. ಈಗ ಅವು ಮತ್ತೆ ವಿರಳವಾಗುತ್ತಿವೆ. ಚರಿತ್ರೆ ಇಷ್ಟು ಸಾಕು, ಒಳಗೆ ಹೋಗೋಣ.

ಮೊದಲು ಅಂಗಡಿಯ ಲೆಕ್ಕ ತಿಳಿದುಕೊಳ್ಳಿ

ನಮ್ಮ ಬಾರುಗಳಲ್ಲಿ ಮೊದಲು ಬರುವುದು ಕ್ವಾರ್ಟರೋ ಬಿಯರೋ. ಆಮೇಲೆ ‘ಸೈಡ್ಸ್ ಏನ್ ಕೊಡ್ಲಿ ಸಾರ್’ ಎಂಬ ಪ್ರಶ್ನೆ. ಬೇಡವೆಂದರೂ ಯಾರೂ ಬೇಸರಿಸುವುದಿಲ್ಲ. ಡೇರೆಯಲ್ಲಿ ಇದು ತಿರುಗುಮುರುಗು. ಕುಡಿಯುವಾಗ ತಿನ್ನುವುದಕ್ಕೆ ಅಲ್ಲಿ ಅಂಜು ಎನ್ನುತ್ತಾರೆ, ಅಂಗಡಿ ಬದುಕುವುದು ಅದರಿಂದ. ನೀವೇ ಎಣಿಸಿ ನೋಡಿ: ನಾಲ್ಕೈದು ಮೇಜು, ಒಂದೆರಡು ಗ್ಯಾಸ್ ಒಲೆ, ಅಡುಗೆಗೂ ಬಡಿಸುವುದಕ್ಕೂ ಹಣ ತೆಗೆದುಕೊಳ್ಳುವುದಕ್ಕೂ ಒಬ್ಬರು ಅಥವಾ ಇಬ್ಬರು, ವ್ಯಾಪಾರ ಕತ್ತಲಾದ ಮೇಲೆ ಕೆಲವೇ ಗಂಟೆ. ಅದೇ ಸೋಜು ಬೀದಿಯ ತಿರುವಿನ ಕನ್ವೀನಿಯನ್ಸ್ ಸ್ಟೋರಿನಲ್ಲಿ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆಂದು ಊರಿಗೆಲ್ಲ ಗೊತ್ತು. ಅಂದಮೇಲೆ ಗಿರಾಕಿ ಇಲ್ಲಿ ದುಡ್ಡು ಕೊಡುವುದು ಬಿಸಿ ತಟ್ಟೆಗೆ, ಕೂರುವ ಜಾಗಕ್ಕೆ. ಬರೀ ಸೋಜು ಕೇಳಿ ಕೂತವರು ಆ ಜಾಗವನ್ನು ಪುಕ್ಕಟೆ ಬಳಸಿದ ಹಾಗಾಗುತ್ತದೆ. ‘ಮೇಜಿಗೆ ಇಷ್ಟು ಅಂಜು ಹೇಳಲೇಬೇಕು’ ಎಂದು ಕೆಲವೆಡೆ ನಿಯಮವೇ ಇರುವುದು ದುರಾಸೆಯಿಂದಲ್ಲ, ಈ ಲೆಕ್ಕದಿಂದ.

ಇನ್ನೊಂದು ಸಂಗತಿ. ಕೊರಿಯನ್ನರ ಸಂಜೆ ಸುತ್ತುಗಳಲ್ಲಿ ಸಾಗುತ್ತದೆ. ಇಲ್-ಚಾ, ಇ-ಚಾ, ಸಾಮ್-ಚಾ ಎಂದು ಒಂದನೇ, ಎರಡನೇ, ಮೂರನೇ ಸುತ್ತು. ಮೊದಲ ಸುತ್ತಿನಲ್ಲಿ ಹೊಟ್ಟೆತುಂಬ ಊಟ ಆಗಿರುತ್ತದೆ. ಪೋಚಾ ಬರುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಸುತ್ತಿನಲ್ಲಿ. ಹಾಗಾಗಿ ಅಲ್ಲಿ ಅನ್ನ, ಪಲ್ಯ, ಸಾರು ಎಂಬ ಊಟದ ಕ್ರಮವನ್ನು ಹುಡುಕಬೇಡಿ. ಖಾರದ್ದು, ಹುರಿದದ್ದು, ಬಿಸಿ ಸಾರಿನದ್ದು, ಎಲ್ಲವೂ ಮೇಜಿನ ನಡುವೆ ಇಟ್ಟು ಹಂಚಿಕೊಳ್ಳುವ ತಟ್ಟೆಗಳು. ಹಸಿದು ಹೋದರೆ ಬಿಲ್ಲೂ ಏರುತ್ತದೆ, ಸೋಜೂ ಬೇಗ ಏರುತ್ತದೆ.

ಮೂರನೆಯದು, ಡೇರೆಗೆ ನಲ್ಲಿಯಿಲ್ಲ, ಶೌಚಾಲಯವಿಲ್ಲ. ನಿಂತು ತಿನ್ನುವ ಗಾಡಿಗಳಲ್ಲಿ ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲೆ ತಿನಿಸು ಬಡಿಸುವುದನ್ನು ಕಂಡು ನಮ್ಮವರು ಹುಬ್ಬೇರಿಸುತ್ತಾರೆ. ತೊಳೆಯುವ ನೀರಿಲ್ಲದ ಕಡೆ ಅದೇ ಶುಚಿಯ ದಾರಿ. ನೀವು ಎದ್ದ ಮೇಲೆ ಚೀಲ ಎಸೆದು ಹೊಸದು ತೊಡಿಸುತ್ತಾರೆ.

ಎಲ್ಲ ಡೇರೆಯೂ ಒಂದೇ ಅಲ್ಲ

ಮ್ಯೊಂಗ್‌ದೊಂಗ್ ಬೀದಿಯ ಗಾಡಿಗಳು ನಿಂತು ತಿಂದು ಹೋಗುವವರಿಗೆ. ಅಲ್ಲಿ ಕೂರಲು ಜಾಗ ಹುಡುಕಬೇಡಿ. ಅಕ್ಕಿ ಕಡುಬಿನ ತೊಕ್‌ಬೊಕ್ಕಿ, ಮೀನಿನ ಒಮುಕ್ ಮಾರುವ ಬೀದಿಗಾಡಿಗಳು ಶಾಲೆ ಮಕ್ಕಳೂ ನಿಲ್ಲುವ ತಿಂಡಿ ಅಂಗಡಿಗಳು, ಕುಡಿತಕ್ಕಲ್ಲ. ‘ಪೋಚಾ’ ಎಂದು ಬೋರ್ಡು ಹಾಕಿಕೊಂಡು ಕಟ್ಟಡದೊಳಗೆ ನಡೆಯುವ ಅಂಗಡಿಗಳು ಬೇರೆ. ಅಲ್ಲಿ ಶೌಚಾಲಯ, ಕಾರ್ಡು, ಫೋಟೊ ಇರುವ ಮೆನು ಎಲ್ಲ ಉಂಟು, ಡೇರೆಯ ಗಮ್ಮತ್ತು ಮಾತ್ರ ಕಡಿಮೆ. ಗ್ವಾಂಗ್‌ಜಾಂಗ್ ಮಾರುಕಟ್ಟೆ 1905ರಷ್ಟು ಹಳೆಯದು. ಅಲ್ಲಿನ ಒಳಸಾಲಿನ ಬೆಂಚುಗಳಲ್ಲಿ ತಿಂದು ಕುಡಿಯಬಹುದು, ಆದರೆ ಅದು ಮಾರುಕಟ್ಟೆ, ಪೊಜಾಂಗ್‌ಮಾಚಾ ಅಲ್ಲ. ಧಾರಾವಾಹಿಯಲ್ಲಿ ಕಂಡ ಕಿತ್ತಳೆ ಡೇರೆ ಬೇಕೆಂದರೆ ಜೊಂಗ್ನೊ ಸಾಮ್-ಗಾ ಮೆಟ್ರೊ ನಿಲ್ದಾಣದಿಂದ ಇಕ್‌ಸೊನ್-ದೊಂಗ್ ಕಡೆಗೆ ಹೊರಬನ್ನಿ. ಒಂದು, ಮೂರು, ಐದನೇ ಮಾರ್ಗಗಳು ಕೂಡುವ ನಿಲ್ದಾಣ ಅದು, ತಪ್ಪುವುದು ಕಷ್ಟ. ಕತ್ತಲಾಗುತ್ತಿದ್ದಂತೆ ರಸ್ತೆಯ ಅಂಚಿನಲ್ಲಿ ಡೇರೆಗಳು ಸಾಲುಗಟ್ಟುತ್ತವೆ.

ಹಳೆಯ ಪ್ರವಾಸ ಪುಸ್ತಕ ನಂಬಿ ಬೂಸಾನ್‌ನ ಹೇಉಂದೇ ಕಡಲತಡಿಯ ಡೇರೆಸಾಲು ಹುಡುಕಿಕೊಂಡು ಹೋಗಬೇಡಿ. ಅದನ್ನು 2024ರ ಜೂನ್‌ನಲ್ಲಿ ತೆರವು ಮಾಡಿದರು.

ಒಳಗೆ ಹೋಗಿ ಹೊರಬರುವ ಕ್ರಮ

1. ಹೊರಡುವ ಮುನ್ನ ನಗದು ಇಟ್ಟುಕೊಳ್ಳಿ. ಡೇರೆಗಳಲ್ಲಿ ಕಾರ್ಡು ನಡೆಯುತ್ತದೆಂಬ ಖಾತರಿಯಿಲ್ಲ. ಸ್ಥಳೀಯರು ಬ್ಯಾಂಕ್ ಖಾತೆಗೆ ನೇರ ವರ್ಗಾಯಿಸುತ್ತಾರೆ, ಕೊರಿಯನ್ ಖಾತೆಯಿಲ್ಲದ ನಿಮಗೆ ಅದು ಆಗದು. ನಮ್ಮ ಕಾರ್ಡುಗಳಿಗೆ ‘ಗ್ಲೋಬಲ್’ ಎಂದು ಬರೆದ ಎಟಿಎಂ ಹುಡುಕಿ, ಕನ್ವೀನಿಯನ್ಸ್ ಸ್ಟೋರುಗಳಲ್ಲಿ ಸಿಗುತ್ತವೆ. ಅಂಜು ಒಂದಕ್ಕೆ ಸುಮಾರು 15,000ದಿಂದ 25,000 ವೊನ್, ಸೋಜು ಸೀಸೆಗೆ 5,000-6,000 ವೊನ್ ಎಂದಿಟ್ಟುಕೊಳ್ಳಿ. ಒಂದು ರೂಪಾಯಿಗೆ ಹದಿನಾರು ವೊನ್ ಆಸುಪಾಸು ಎಂದು ಹಿಡಿದರೆ ಇಬ್ಬರ ಸಂಜೆಗೆ ಎರಡೂವರೆಯಿಂದ ಮೂರು ಸಾವಿರ ರೂಪಾಯಿ. ಅಗ್ಗದ ಬೀದಿ ಊಟವೆಂಬ ಭ್ರಮೆ ಇದ್ದರೆ ಇಲ್ಲೇ ಬಿಟ್ಟುಬಿಡಿ.

2. ನಿಲ್ದಾಣದ ಶೌಚಾಲಯಕ್ಕೆ ಹೋಗಿಯೇ ಡೇರೆಯತ್ತ ನಡೆಯಿರಿ. ಸೋಲ್ ಮೆಟ್ರೊದ ಶೌಚಾಲಯಗಳು ಉಚಿತ, ಸ್ವಚ್ಛ. ಆಮೇಲೆ ಬೇಕಾದರೆ ‘ಹ್ವಾಜಾಂಗ್‌ಶಿಲ್ ಒದಿಯೆಯೊ?’ ಎಂದು ಕೇಳಿ, ಯಾವ ಕಟ್ಟಡಕ್ಕೆ ಹೋಗಬೇಕೆಂದು ಕೈ ತೋರಿಸುತ್ತಾರೆ.

3. ಬಾಗಿಲಲ್ಲಿ ನಿಂತು ಬೆರಳಲ್ಲಿ ಎಷ್ಟು ಜನ ಎಂದು ತೋರಿಸಿ. ಅವರು ಕೈ ಮಾಡಿದ ಕಡೆಯೇ ಕೂರಿ. ಇಬ್ಬರೇ ಇದ್ದು ನಾಲ್ವರ ಮೇಜು ಹಿಡಿಯಬೇಡಿ. ಒಬ್ಬರೇ ಹೋದರೆ ಜನ ತುಂಬಿದ ಹೊತ್ತಿನಲ್ಲಿ ಬೇಡವೆನ್ನಬಹುದು. ಅದು ಅವಮಾನವಲ್ಲ, ಮೇಲೆ ಹೇಳಿದ ಲೆಕ್ಕವೇ. ಏಳು ಗಂಟೆಯ ಹೊತ್ತಿಗೆ ಹೋದರೆ ಒಂಟಿಯವರಿಗೂ ಜಾಗ ಸಿಗುವ ಸಾಧ್ಯತೆ ಹೆಚ್ಚು.

4. ಕೂತ ಕೂಡಲೇ ಸೌತೆಕಾಯಿ, ಗಜ್ಜರಿ ತುಂಡು ಅಥವಾ ಒಂದು ಬಟ್ಟಲು ಸಾರು ಬರಬಹುದು. ಅದಕ್ಕೆ ದುಡ್ಡಿಲ್ಲ. ಅದರ ಮೇಲೆ ಇಡೀ ಸಂಜೆ ಕಳೆಯುವಂತಿಲ್ಲ, ಅಷ್ಟೇ.

5. ಬೆಲೆ ಕಂಡ ಮೇಲೆ ಹೇಳಿ. ಬೋರ್ಡಿಗೆ ಫೋನು ಹಿಡಿದು ಪಾಪಾಗೊ ಎಂಬ ಅನುವಾದದ ಆ್ಯಪಿನಿಂದ ಓದಿಸಿ. ಗೂಗಲ್‌ನದಕ್ಕಿಂತ ಕೊರಿಯನ್ನಿಗೆ ಅದು ವಾಸಿ. ‘ಇಗೊ ಒಲ್ಮಾಯೆಯೊ?’ ಎಂದರೆ ಇದಕ್ಕೆಷ್ಟು. ಬೆಲೆಯ ಜಾಗದಲ್ಲಿ ‘ಶಿಗಾ’ ಎಂದಿದ್ದರೆ ಆ ದಿನದ ಮಾರುಕಟ್ಟೆ ದರ ಎಂದರ್ಥ. ಮೀನು, ಏಡಿ, ಚಿಪ್ಪಿನ ಜೀವಿಗಳಿಗೆ ಹೀಗೆ ಬರೆಯುತ್ತಾರೆ. ಎಷ್ಟೆಂದು ಫೋನಿನಲ್ಲಿ ಅಂಕಿ ಬರೆಸಿಕೊಳ್ಳದೆ ಅದನ್ನು ಹೇಳಲೇಬೇಡಿ.

6. ಮೊದಲು ಒಂದು ಅಂಜು, ಒಂದು ಸೀಸೆ. ತಟ್ಟೆ ಬಂದ ಮೇಲೆ ಅದರ ಗಾತ್ರ ನೋಡಿ ಎರಡನೆಯದು. ಕರೆಯುವುದಕ್ಕೆ ಕೈಯೆತ್ತಿ ‘ಯೊಗಿಯೊ!’ ಎನ್ನಿ. ಅಲ್ಲಿ ಹಾಗೆ ಕೂಗುವುದು ಒರಟಲ್ಲ, ಚಿಟಿಕೆ ಹೊಡೆಯುವುದು ಒರಟು. ಅಂಗಡಿ ನಡೆಸುವ ಹೆಂಗಸನ್ನು ಕಾಯಂ ಗಿರಾಕಿಗಳು ‘ಇಮೊ’ ಎನ್ನುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಹೊಸಬರು ‘ಸಾಜಾಂಗ್‌ನಿಮ್’, ಅಂದರೆ ಯಜಮಾನರೇ, ಎಂದರೆ ಎಲ್ಲರಿಗೂ ಒಪ್ಪುತ್ತದೆ.

7. ಮುಗಿಸುವಾಗ ಎದ್ದು ಹೋಗಿ ಒಲೆಯ ಬಳಿಯೇ ಹಣ ಕೊಡಿ. ‘ಕ್ಯೆಸಾನ್ ಹೇ ಜುಸೆಯೊ’ ಎಂದರೆ ಲೆಕ್ಕ ಮಾಡಿ. ಟಿಪ್ಸ್ ಕೊಡುವ ಪದ್ಧತಿಯಿಲ್ಲ, ಬಿಟ್ಟುಹೋದರೆ ಚಿಲ್ಲರೆ ಮರೆತಿರೆಂದು ಹಿಂದೆ ಓಡಿಬಂದಾರು.

ಒಮುಕ್ ಗಾಡಿಯ ಕ್ರಮ ಮಾತ್ರ ಸ್ವಲ್ಪ ಬೇರೆ. ಬಿಸಿ ಸಾರಿನಲ್ಲಿ ನಿಂತಿರುವ ಕಡ್ಡಿಗಳನ್ನು ನೀವೇ ಎತ್ತಿಕೊಂಡು ತಿನ್ನುತ್ತ ಹೋಗುವುದು, ಕೊನೆಗೆ ಖಾಲಿ ಕಡ್ಡಿ ಎಣಿಸಿ ಹಣ ಕೊಡುವುದು. ಸಾರು ಕಾಗದದ ಲೋಟದಲ್ಲಿ ಬೇಕಷ್ಟು ಪುಕ್ಕಟೆ. ಸೋಯಾ ಸಾಸಿನ ಬಟ್ಟಲು ಎಲ್ಲರಿಗೂ ಸೇರಿದ್ದು. ಬ್ರಶ್ಶು ಅಥವಾ ಚಮಚದಿಂದ ಹಚ್ಚಿಕೊಳ್ಳಿ, ಕಚ್ಚಿದ ತುಂಡನ್ನು ಅದರಲ್ಲಿ ಅದ್ದಿದರೆ ಎಂಜಲು ಅಲ್ಲಿಯೂ ಎಂಜಲೇ.

ತಟ್ಟೆಯ ಆಯ್ಕೆ

ಮೊಟ್ಟೆ ತಿನ್ನುವವರಿಗೆ ಗ್ಯೆರಾನ್-ಮಾರಿ ಅತ್ಯಂತ ಭಯವಿಲ್ಲದ ಆರಂಭ. ತೆಳ್ಳಗೆ ಹರಡಿದ ಮೊಟ್ಟೆಯನ್ನು ಸುತ್ತಿ ಸುತ್ತಿ ದಪ್ಪ ಸುರುಳಿ ಮಾಡಿ ಕತ್ತರಿಸಿ ಕೊಡುತ್ತಾರೆ. ಖಾರದ ತಟ್ಟೆಯ ಪಕ್ಕ ಅದೊಂದು ಇದ್ದರೆ ನಾಲಗೆಗೆ ಬಿಡುವು. ದುಬು-ಕಿಮ್ಚಿ ನನ್ನ ಲೆಕ್ಕದಲ್ಲಿ ಡೇರೆಯ ಅತ್ಯುತ್ತಮ ತಟ್ಟೆ: ಬಿಸಿ ಬಿಸಿ ತೋಫು, ಪಕ್ಕದಲ್ಲಿ ಹುಳಿ ಬಂದ ಕಿಮ್ಚಿಯನ್ನು ಹಂದಿಮಾಂಸದ ಚೂರುಗಳ ಜೊತೆ ಹುರಿದದ್ದು. ಈರುಳ್ಳಿ ಸೊಪ್ಪಿನ ಪಾಜೊನ್ ಮಳೆ ದಿನಕ್ಕೆ, ಅದರ ಜೊತೆಗೆ ಸೋಜು ಅಲ್ಲ, ಅಕ್ಕಿಯ ಮಕ್ಕೊಲಿ. ಕೊರಿಯನ್ನರು ಈ ಜೋಡಿಯನ್ನು ಸುಮ್ಮನೆ ಮಾಡಿಕೊಂಡಿಲ್ಲ: ಎಣ್ಣೆಯಲ್ಲಿ ಕರಿದ ದೋಸೆಯ ಜಿಡ್ಡನ್ನು ಮಕ್ಕೊಲಿಯ ಹುಳಿ ಕತ್ತರಿಸುತ್ತದೆ.

ಚಳಿಯಲ್ಲಿ ಚಿಪ್ಪಿನ ಸಾರು ಹೇಳಿ. ಹೊಂಗ್‌ಹಾಪ್-ತಾಂಗ್ ನೀಲಿ ಚಿಪ್ಪಿನದು, ಜೊಗೇ-ತಾಂಗ್ ಇತರ ಮರುವಾಯಿಗಳದು. ಮರುವಾಯಿ ಸುಕ್ಕ ತಿಂದು ಬೆಳೆದ ಮಂಗಳೂರು, ಉಡುಪಿಯವರು ಮೆಣಸಿನಕಾಯಿ, ಬೆಳ್ಳುಳ್ಳಿ ಬಿದ್ದ ಈ ತಿಳಿ ಸಾರಿಗೆ ಒಗ್ಗಿಕೊಳ್ಳಲು ಒಂದು ಗುಟುಕು ಸಾಕು. ಕೊನೆಯಲ್ಲಿ ಹೊಟ್ಟೆಗೆ ಏನಾದರೂ ಬೇಕೆನಿಸಿದರೆ ಉದೊನ್ ಅಥವಾ ಜಾನ್‌ಚಿ-ಗುಕ್ಸು ಎಂಬ ಶಾವಿಗೆ ಸಾರು. ಎರಡೂ ಸಣ್ಣ ಒಣಮೀನು ಕುದಿಸಿದ ನೀರಿನಲ್ಲಿ ಆಗುವಂಥವು.

ಡೇರೆಯ ಖ್ಯಾತಿ ನಿಂತಿರುವುದು ಮಾತ್ರ ಇನ್ನೊಂದು ಸಾಲಿನ ಮೇಲೆ. ದಾಕ್‌ಬಾಲ್ ಎಂದರೆ ಕೆಂಪು ಖಾರದಲ್ಲಿ ಬೇಯಿಸಿದ ಕೋಳಿಯ ಪಾದ, ಮೂಳೆ ತೆಗೆದದ್ದೂ ಸಿಗುತ್ತದೆ. ದಾಕ್-ತೊಂಗ್‌ಜಿಪ್ ಕೋಳಿಯ ಜಠರ, ಬೆಳ್ಳುಳ್ಳಿಯ ಜೊತೆ ಹುರಿದದ್ದು, ಕರುಂ ಕರುಂ ಎನ್ನುವುದು ಚೆನ್ನ. ಗೊಪ್‌ಚಾಂಗ್ ಕರುಳು, ಹೆಚ್ಚಾಗಿ ದನದ್ದು, ಹಂದಿಯದೂ ಉಂಟು. ಮೆನುವಿನ ರೋಮನ್ ಅಕ್ಷರಗಳಲ್ಲಿ ‘ಸಂಡೇ’ ಎಂದು ಓದಿ ಐಸ್‌ಕ್ರೀಮು ಎಂದುಕೊಂಡವರಿದ್ದಾರೆ. ಸುಂದೆ ಎಂಬ ಅದು ಹಂದಿಯ ಕರುಳಿನೊಳಗೆ ರಕ್ತವನ್ನೂ ಪಾರದರ್ಶಕ ಶಾವಿಗೆಯನ್ನೂ ತುಂಬಿ ಬೇಯಿಸಿದ ತಿನಿಸು. ಗೋಮಾಂಸ ಬೇಡದವರು ‘ಸೊಗೊಗಿ’, ಹಂದಿ ಬೇಡದವರು ‘ದ್ವೇಜಿಗೊಗಿ’ ಎಂಬ ಎರಡು ಮಾತನ್ನು ಮರೆಯಬಾರದು. ಇವುಗಳ ಹಿಂದೆ ‘ಪೇ ಜುಸೆಯೊ’ ಸೇರಿಸಿದರೆ ‘ಇದನ್ನು ಬಿಟ್ಟು ಕೊಡಿ’ ಎಂದಾಗುತ್ತದೆ.

ಖಾರದ ಬಗ್ಗೆ ಒಂದು ಮಾತು. ಬ್ಯಾಡಗಿ, ಗುಂಟೂರು ತಿಂದವರಿಗೆ ಕೊರಿಯಾದ ಖಾರ ಏನು ಮಹಾ ಎಂಬ ಜಂಬ ನಮ್ಮವರಿಗೆ ಉಂಟು. ತೊಕ್‌ಬೊಕ್ಕಿಯ ಮಟ್ಟಿಗೆ ಆ ಜಂಬ ಸಮವೇ, ಅದರಲ್ಲಿ ಸಿಹಿಯೇ ಜಾಸ್ತಿ. ದಾಕ್‌ಬಾಲ್ ಎದುರು ಬೇಡ.

ಸಸ್ಯಾಹಾರಿಗಳಿಗೆ

ಸುತ್ತಿ ಬಳಸದೆ ಹೇಳುತ್ತೇನೆ: ಕಟ್ಟುನಿಟ್ಟಿನ ಸಸ್ಯಾಹಾರಿಗೆ ಡೇರೆ ಸರಿಯಾದ ಜಾಗವಲ್ಲ. ಕಾರಣ ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ಮೀನು. ಸಾರಿಗೆಲ್ಲ ಬುನಾದಿ ಮ್ಯೊಲ್‌ಚಿ ಎಂಬ ಒಣಮೀನಿನ ನೀರು. ಕಿಮ್ಚಿಗೆ ಹುದುಗಿಸಿದ ಮೀನು ಅಥವಾ ಸಿಗಡಿಯ ಉಪ್ಪುರಸ ಬಿದ್ದಿರುತ್ತದೆ. ತೊಕ್‌ಬೊಕ್ಕಿ ಅಕ್ಕಿಯ ಕಡುಬೇ ಆದರೂ ಅದು ಬೇಯುವುದು ಮೀನಿನ ನೀರಿನಲ್ಲಿ, ಜೊತೆಗೆ ಒಮುಕ್ ತುಂಡುಗಳು. ‘ಕೊಗಿ ಪೇ ಜುಸೆಯೊ’ ಎಂದು ಮಾಂಸ ಬೇಡವೆಂದರೆ ಮಾಂಸವನ್ನು ಪ್ರಾಮಾಣಿಕವಾಗಿಯೇ ಬಿಡುತ್ತಾರೆ. ಆದರೆ ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಒಂದೇ ಒಲೆ, ಒಂದೇ ಬಾಣಲೆ ಇರುವ ಕಡೆ ‘ಬೇರೆ ಪಾತ್ರೆಯಲ್ಲಿ ಮಾಡಿ’ ಎಂದು ಕೇಳುವುದರಲ್ಲೂ ಅರ್ಥವಿಲ್ಲ.

ಹಾಗಾದರೆ ದಾರಿ? ಗ್ವಾಂಗ್‌ಜಾಂಗ್ ಮಾರುಕಟ್ಟೆಗೆ ಹೋಗಿ ಬಿಂದೆತೊಕ್ ಕೇಳಿ. ನೆನೆಸಿದ ಹೆಸರುಬೇಳೆಯನ್ನು ಅಂಗಡಿಯ ಮುಂದೆಯೇ ಬೀಸುವ ಕಲ್ಲಿನಲ್ಲಿ ರುಬ್ಬಿ, ಮೊಳಕೆಕಾಳು ಬೆರೆಸಿ, ಎಣ್ಣೆಯಲ್ಲಿ ತೇಲುವಂತೆ ಬೇಯಿಸುತ್ತಾರೆ. ನಮ್ಮ ಪೆಸರಟ್ಟಿನ ದಪ್ಪ ಅಣ್ಣ ಎನ್ನಬಹುದು. ಹಂದಿ ಹಾಕಿದ ಬಗೆಯೂ ಇರುವುದರಿಂದ ಕೇಳಿಯೇ ಹೇಳಿ, ಕೆಲವೆಡೆ ಹಿಟ್ಟಿನಲ್ಲಿ ಕಿಮ್ಚಿಯೂ ಇರುತ್ತದೆ. ಬೀದಿಯಲ್ಲಿ ಚಳಿಗಾಲಕ್ಕೆ ಸುಟ್ಟ ಗೆಣಸು, ಸುಟ್ಟ ಚೆಸ್ಟ್‌ನಟ್, ಬೇಯಿಸಿದ ಜೋಳದ ತೆನೆ, ಬೆಲ್ಲದ ಬಣ್ಣದ ಸಕ್ಕರೆ ಹೂರಣ ತುಂಬಿದ ಹೊತ್ತೊಕ್ ಸಿಗುತ್ತವೆ. ಇವುಗಳಿಂದ ಹೊಟ್ಟೆ ತುಂಬಿಸಿಕೊಂಡು, ಆಮೇಲೆ ಗೆಳೆಯರ ಜೊತೆ ಡೇರೆಯಲ್ಲಿ ಸೌತೆಕಾಯಿ ಕಡಿಯುತ್ತ ಕೂರುವುದು ಪ್ರಾಮಾಣಿಕ ಉಪಾಯ. ಮೊಟ್ಟೆ ಆಗುತ್ತದೆ ಎನ್ನುವವರಿಗೆ ಗ್ಯೆರಾನ್-ಮಾರಿ ಇದ್ದೇ ಇದೆ. ಹ್ಯಾಮ್ ಬೇಡವೆಂದು ಹೇಳಿದರಾಯಿತು.

ಲೋಟದ ವಿಚಾರ

ಸೋಜು ನೋಡಲು ನೀರು, ಕುಡಿಯಲು ಸಿಹಿನೀರು. ಅದೇ ಅಪಾಯ. ಶುದ್ಧ ಮದ್ಯಸಾರಕ್ಕೆ ನೀರು, ಸಿಹಿಕಾರಕ ಬೆರೆಸಿ ಮಾಡುವ ಇಂದಿನ ಸಾಧಾರಣ ಸೋಜುವಿನಲ್ಲಿ ಮದ್ಯದ ಪ್ರಮಾಣ ಶೇ 16ರ ಆಸುಪಾಸು. ಕೆಂಪು ಮುಚ್ಚಳದ ಚಮಿಸುಲ್ ಒರಿಜಿನಲ್‌ನಲ್ಲಿ ಶೇ 20ಕ್ಕೂ ಮೇಲೆ. ಸೀಸೆ 360 ಮಿಲಿಲೀಟರಿನದು. ಲೆಕ್ಕ ಹಾಕಿದರೆ ಒಂದು ಸಾಧಾರಣ ಸೋಜು ಸೀಸೆಯಲ್ಲಿ ಸುಮಾರು 58 ಮಿಲಿಲೀಟರು ಶುದ್ಧ ಮದ್ಯಸಾರ. ನಮ್ಮ 180 ಮಿಲಿಲೀಟರಿನ ಕ್ವಾರ್ಟರ್ ವಿಸ್ಕಿಯಲ್ಲಿ 77. ಅಂದರೆ ಒಂದು ಸೀಸೆ ಸೋಜು ಮುಕ್ಕಾಲು ಕ್ವಾರ್ಟರಿಗೆ ಸಮ. ಅದು ಸುಮಾರು 50 ಮಿಲಿಲೀಟರಿನ ಏಳು ಪುಟ್ಟ ಲೋಟಗಳಲ್ಲಿ, ನೀರು ಸೋಡಾ ಯಾವುದೂ ಇಲ್ಲದೆ, ಒಂದೊಂದೇ ಗುಟುಕಿನಲ್ಲಿ ಒಳಗೆ ಹೋಗುತ್ತದೆ. ಬಿಯರಿಗೆ ಸೋಜು ಬೆರೆಸುವ ಸೊಮೇಕ್ ಇನ್ನೂ ಮೋಸದ್ದು. ಮೂರು ಪಾಲು ಸೋಜು, ಏಳು ಪಾಲು ಬಿಯರು ಎಂಬುದು ಜನಪ್ರಿಯ ಹದ. ರುಚಿ ಬಿಯರಿನದು, ಏಟು ಸೋಜುವಿನದು. ಮಕ್ಕೊಲಿ ಶೇ 6ರಷ್ಟು ಹಗುರ, ಆದರೆ ಬಟ್ಟಲು ದೊಡ್ಡದು.

ಈಗ ಶಿಷ್ಟಾಚಾರ. ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರು ಸುರಿಯುತ್ತಾರೆ. ಹಿರಿಯರಿಗೆ ಸುರಿಯುವಾಗಲೂ ಅವರಿಂದ ಹಿಡಿಯುವಾಗಲೂ ಎರಡು ಕೈ. ಹಿರಿಯರ ಎದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಲೋಟ ಪೂರ್ತಿ ಬರಿದಾಗುವ ಮುನ್ನ ಮತ್ತೆ ಸುರಿಯುವುದಿಲ್ಲ, ಅರ್ಧ ತುಂಬಿದ ಲೋಟಕ್ಕೆ ಸೇರಿಸುವುದು ಪಿತೃಕಾರ್ಯದಲ್ಲಿ ಮಾತ್ರ ಎಂಬ ಭಾವನೆ ಅವರದು.

ಈ ಕೊನೆಯ ನಿಯಮವೇ ನಿಮ್ಮ ಬ್ರೇಕು. ಕಚೇರಿಯ ಹಿರಿಯ ಸಹೋದ್ಯೋಗಿ ಒತ್ತಾಯ ಮಾಡುತ್ತಿದ್ದಾರೆ, ಬೇಡವೆನ್ನಲು ಸಂಕೋಚ ಎಂದಿಟ್ಟುಕೊಳ್ಳಿ. ಖಾಲಿ ಲೋಟ ಕಂಡರೆ ಸುರಿಯುವುದು ಅವರ ಕರ್ತವ್ಯ, ತುಂಬಿದ ಲೋಟ ಕಂಡರೆ ಸುಮ್ಮನಿರುವುದು ಅವರ ಸಂಸ್ಕಾರ. ಆದ್ದರಿಂದ ಪ್ರತಿ ಸಲ ಲೋಟ ಎತ್ತಿ, ‘ಕೊನ್‌ಬೇ’ ಎಂದು ತಾಗಿಸಿ, ತುಟಿ ಒದ್ದೆ ಮಾಡಿಕೊಂಡು, ಅರ್ಧ ಉಳಿಸಿ ಕೆಳಗಿಡಿ. ವಾದ ಮಾಡುವುದಕ್ಕಿಂತ ಇದು ಎಷ್ಟೋ ಪಾಲು ಫಲಕಾರಿ. ಕುಡಿಯದವರು ಕೂತ ಕೂಡಲೇ ಹೇಳಿಬಿಡಿ, ಎರಡನೇ ಸುತ್ತಿಗೆ ಹೇಳಿದರೆ ನಂಬುವುದಿಲ್ಲ. ‘ಸೈದಾ’ ಕೇಳಿ ಸೋಜು ಲೋಟದಲ್ಲೇ ಹಾಕಿಸಿಕೊಳ್ಳಿ. ಅದು ನಿಂಬೆ ರುಚಿಯ ಸೋಡಾ, ಮದ್ಯವಿಲ್ಲ. ಸೇಬಿನ ಮದ್ಯ ಬರುತ್ತದೆಂದು ಯುರೋಪಿನ ರೂಢಿಯಲ್ಲಿ ಕಾದು ಕೂತವರಿಗೆ ಮಾತ್ರ ನಿರಾಸೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೊರಗಿನಿಂದ ಅಗ್ಗದ ಸೋಜು ತಂದು ಮೇಜಿನ ಕೆಳಗೆ ತೆರೆಯುವುದು. ಖಂಡಿತ ಗೊತ್ತಾಗುತ್ತದೆ, ಎಬ್ಬಿಸಿಯೂ ಬಿಡುತ್ತಾರೆ.

ನಾಲ್ವರು ಕೂತು ಒಂದು ತಟ್ಟೆ ಹೇಳಿ ಎರಡು ಗಂಟೆ ಕಳೆಯುವುದು. ಹೊರಗೆ ಸಾಲು ನಿಂತಿದ್ದರೆ ತಟ್ಟೆ ಬರಿದಾದ ಮೇಲೆ ಇನ್ನೊಂದು ಹೇಳಿ, ಇಲ್ಲವೇ ಎದ್ದುಬಿಡಿ. ಚೌಕಾಸಿ ಮಾಡುವುದೂ ಬೇಡ, ಬರೆದ ಬೆಲೆ ಬರೆದದ್ದೇ. ಚೌಕಾಸಿಯ ಚಪಲ ತಡೆಯಲಾಗದವರು ಎರಡನೇ ತಟ್ಟೆ ಹೇಳಿ ನೋಡಿ, ‘ಸರ್ವಿಸ್’ ಎಂದು ಏನಾದರೂ ಪುಕ್ಕಟೆ ಬಂದರೂ ಬಂದೀತು.

ಪಕ್ಕದ ಮೇಜಿನವರ ಮುಖಕ್ಕೆ, ಒಲೆಯ ಮುಂದಿನವರ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯುವುದು ಪ್ರವಾಸಿಗರ ಹೊಸ ರೋಗ. ನಿಮ್ಮ ತಟ್ಟೆಯ ಫೋಟೊಗೆ ಯಾರ ತಕರಾರೂ ಇಲ್ಲ.

ಬೆಲೆಯ ಗೊಂದಲವನ್ನು ಕೊನೆಗೆ ಬಿಡುವುದು ಎಲ್ಲಕ್ಕಿಂತ ದುಬಾರಿ. 2023ರ ಕೊನೆಯಲ್ಲಿ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ದುಡ್ಡು ಹೆಚ್ಚು, ತಟ್ಟೆಯಲ್ಲಿ ಕಡಿಮೆ ಎಂಬ ವಿಡಿಯೊ ಹರಡಿ ಕೊರಿಯಾದಲ್ಲೇ ದೊಡ್ಡ ಗಲಾಟೆಯಾಗಿ, ತಿನಿಸಿನ ಪ್ರಮಾಣವನ್ನೂ ಬರೆಸುವ ಕ್ರಮಕ್ಕೆ ಸೋಲ್ ನಗರಾಡಳಿತ ಮುಂದಾಯಿತು. ಮೋಸ ಹೋಗುವವರು ವಿದೇಶಿಯರು ಮಾತ್ರವೇನಲ್ಲ. ‘ಮಿಕ್ಸ್ ಮಾಡಿ ಕೊಡ್ಲಾ?’ ಎಂಬ ಧಾಟಿಯಲ್ಲಿ ಏನಾದರೂ ಸೇರಿಸಲು ಕೇಳಿದರೆ ತಲೆಯಾಡಿಸುವ ಮೊದಲು ‘ಒಲ್ಮಾಯೆಯೊ?’ ಎನ್ನಿ.

ಎಚ್ಚರಿಕೆ

ಸಾನ್-ನಾಕ್ಜಿ ಎಂಬುದು ಆಗಷ್ಟೇ ಕತ್ತರಿಸಿದ, ಇನ್ನೂ ಮಿಸುಕುತ್ತಿರುವ ಆಕ್ಟೋಪಸ್ ಬಾಹುಗಳು. ವಿಡಿಯೊ ಮಾಡಲೆಂದು ಅನೇಕರು ಹೇಳುತ್ತಾರೆ. ಹೀರುಬಟ್ಟಲುಗಳು ಗಂಟಲಿಗೆ ಅಂಟಿ ಉಸಿರುಗಟ್ಟಿ ಸತ್ತವರಿದ್ದಾರೆ. ತಿನ್ನಲೇಬೇಕೆಂದರೆ ಎಣ್ಣೆಯಲ್ಲಿ ಅದ್ದಿ, ಒಂದೊಂದೇ ಚೂರು, ಪೂರ್ತಿ ಅಗಿದು ನುಂಗಿ. ಕುಡಿದು ಜೋಲಿ ಹೊಡೆಯುವ ಹಂತದಲ್ಲಿ ಬೇಡವೇ ಬೇಡ. ಯಕೃತ್ತಿನ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಬೇಸಿಗೆಯಲ್ಲಿ ಹಸಿ ಮೀನು, ಹಸಿ ಚಿಪ್ಪಿನಿಂದ ದೂರವಿರಬೇಕು. ಬೆಚ್ಚನೆಯ ಕಡಲಿನ ವಿಬ್ರಿಯೊ ಬ್ಯಾಕ್ಟೀರಿಯಾ ಅಂಥವರಿಗೆ ಪ್ರಾಣಕ್ಕೇ ಎರವಾಗಬಲ್ಲದು. ಚಳಿಗಾಲದ ಹಸಿ ಸಿಂಪಿಯಲ್ಲಿ ನೊರೊವೈರಸ್ ಭಯ. ಚೆನ್ನಾಗಿ ಕುದ್ದ ಸಾರಿಗೆ ಈ ಚಿಂತೆಯಿಲ್ಲ.

ವಯಸ್ಸಿನ ನಿಯಮ ಕಟ್ಟುನಿಟ್ಟು. 19 ತುಂಬುವ ವರ್ಷದ ಜನವರಿ 1ರಿಂದ ಮಾತ್ರ ಮದ್ಯ ಸಿಗುತ್ತದೆ. ಎಳೆಯ ಮುಖದವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ರಕ್ತದಲ್ಲಿ ಶೇ 0.03 ಮದ್ಯ ಕಂಡರೂ ವಾಹನ ಓಡಿಸುವುದು ಅಪರಾಧ. ರಸ್ತೆಬದಿ ಬಾಡಿಗೆಗೆ ಸಿಗುವ ಎಲೆಕ್ಟ್ರಿಕ್ ಕಿಕ್‌ಬೋರ್ಡಿಗೂ ದಂಡ ಬೀಳುತ್ತದೆ. ‘ಎರಡು ಫರ್ಲಾಂಗ್ ತಾನೆ’ ಎಂದು ಅದನ್ನು ಏರಬೇಡಿ.

ಮೆಟ್ರೊ ನಡುರಾತ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಕೊನೆಯ ರೈಲಿನ ಸಮಯವನ್ನು ನೇವರ್ ಮ್ಯಾಪಿನಲ್ಲಿ ಕುಡಿಯುವ ಮೊದಲೇ ನೋಡಿಟ್ಟುಕೊಳ್ಳಿ. ಸೋಲ್ ಟ್ಯಾಕ್ಸಿಗೆ ರಾತ್ರಿ 10ರಿಂದ ಬೆಳಗಿನ 4ರವರೆಗೆ ಹೆಚ್ಚುವರಿ ದರ, 11ರಿಂದ 2ರವರೆಗೆ ಅದು ಶೇ 40. ‘ಎನ್’ ಅಕ್ಷರದಿಂದ ಶುರುವಾಗುವ ರಾತ್ರಿ ಬಸ್ಸುಗಳು ಅಗ್ಗದ ದಾರಿ. ಪೊಲೀಸರಿಗೆ 112, ಆಂಬುಲೆನ್ಸಿಗೆ 119. ಭಾಷೆ ಗೊತ್ತಾಗದೆ ಸಿಕ್ಕಿಹಾಕಿಕೊಂಡರೆ 1330ಕ್ಕೆ ಕರೆ ಮಾಡಿ: ಕೊರಿಯಾ ಪ್ರವಾಸೋದ್ಯಮದ ಈ ಸಹಾಯವಾಣಿಯಲ್ಲಿ ಇಂಗ್ಲಿಷ್ ಬಲ್ಲವರು ಇರುತ್ತಾರೆ, ಬೇಕಾದರೆ ಎದುರಿಗಿದ್ದವರ ಜೊತೆ ಫೋನಿನಲ್ಲೇ ಮಾತಾಡಿ ಬಗೆಹರಿಸುತ್ತಾರೆ.

ಮೊದಲ ಸಲ ಎಲ್ಲಿಗೆ?

ಜೊಂಗ್ನೊ ಸಾಮ್-ಗಾ, ವಾರದ ನಡುವಿನ ದಿನ, ಕತ್ತಲಾದ ಕೂಡಲೇ, ಇಬ್ಬರು. ಒಂದು ಗ್ಯೆರಾನ್-ಮಾರಿ, ಒಂದು ಚಿಪ್ಪಿನ ಸಾರು, ಒಂದು ಸೋಜು. ಇಷ್ಟರಲ್ಲಿ ಡೇರೆ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಹಿಡಿಸದಿದ್ದರೆ ಪಕ್ಕದ ಉಲ್‌ಜಿರೊ ಸಾಮ್-ಗಾಗೆ ನಡೆದುಹೋಗಿ, ಅಲ್ಲಿನ ಗಲ್ಲಿಯಲ್ಲಿ ನೊಗಾರಿ ಎಂಬ ಸುಟ್ಟ ಒಣಮೀನಿನ ಜೊತೆ ಬಯಲಲ್ಲಿ ಬಿಯರು ಕುಡಿಯಬಹುದು, ಮೆನುವಿನ ತಲೆನೋವೂ ಕಡಿಮೆ. ಹಿಡಿಸಿದರೆ ಮುಂದಿನ ಪ್ರವಾಸಕ್ಕೆ ದಕ್ಷಿಣದ ಯೊಸು ಇಟ್ಟುಕೊಳ್ಳಿ. ಗೊಬುಕ್‌ಸೊನ್ ಸೇತುವೆಯ ಕೆಳಗೆ, ಕಡಲಿಗೆ ಮುಖಮಾಡಿ, ಸಾಲು ಡೇರೆಗಳಲ್ಲಿ ಕಡಲ ಜೀವಿ, ಹಂದಿಮಾಂಸ, ಕಿಮ್ಚಿ ಮೂರನ್ನೂ ಒಂದೇ ಕಾವಲಿಯ ಮೇಲೆ ಹುರಿಯುವ ಸಾಮ್‌ಹಾಪ್ ಸಿಗುವುದು ಅಲ್ಲಿ. ಆದರೆ ಅದು ದೊಡ್ಡ ತಟ್ಟೆ, ಇಬ್ಬರಿಗೂ ಹೆಚ್ಚಾದೀತು. ಮೂವರಾದರೂ ಹೋಗಿ.